ಚಪ್ಪಲಿ ಅಂಗಡಿಯ ಮೇಷ್ಟ್ರು

ವಿನಿಮಯ ಕಾರ್ಯಕ್ರಮದಲ್ಲಿ ವ್ಯಾಪಾರ ಕಲಿಯಲು ಬರುವ ವಿದೇಶಿ ವಿದ್ಯಾರ್ಥಿಗಳನ್ನು ಕಾಲೇಜಿನವರು ವರ್ಷಕ್ಕೊಬ್ಬರಂತೆ ತಮ್ಮಲ್ಲಿಗೇ ಕಳಿಸುತ್ತಾರೆಂದು ಚಪ್ಪಲಿ ಅಂಗಡಿಯ ಯಜಮಾನರು ಎದೆಯುಬ್ಬಿಸಿ ಹೇಳದ ದಿನವಿಲ್ಲ. ಒಂದು ಜೊತೆ ಕೊಳ್ಳಲು ಹೋದವರು ಅವರ ಮಾತಿನಲ್ಲೇ ಏಳು ದೇಶ ಸುತ್ತಿ ಹೊರಬರಬೇಕು. "ಎರಡನೇ ವರ್ಷ ಬಂದೋನು ಈಗ ಅವನೂರಲ್ಲಿ ಮೂರು ಅಂಗಡಿ ಇಟ್ಟಿದಾನೆ, ನನ್ನ ಕೈಲಿ ಪಳಗಿದೋನು" ಎನ್ನುತ್ತ, ಬೇಡವೆಂದರೂ ಗಿಡ್ಡ ಸ್ಟೂಲಿನ ಮೇಲೆ ಕೂತೇ ಇನ್ನೊಂದು ಡಬ್ಬ ಬಿಚ್ಚುತ್ತಾರೆ. ಕಲಿಯಲು ಬಂದವರಿಗೆಲ್ಲ ಅವರ ಮೊದಲ ಪಾಠ ಒಂದೇ: "ಬಾಯಿಗೆ ಬೀಗ ಹಾಕ್ಕೊಂಡು ಗಿರಾಕಿ ಕಾಲು ನೋಡು." ಇಷ್ಟು ಮಾತಾಡುವ ನಿಮಗೆ ಈ ಪಾಠ ಯಾರು ಕಲಿಸಿದರೆಂದು ಕೇಳಿದರೆ ಮಾತ್ರ ಅವರ ದನಿ ತಗ್ಗುತ್ತದೆ. ಗಲ್ಲಾದ ಮೇಲಿನ ಫೋಟೋ ತೋರಿಸುತ್ತಾರೆ. ಮೊದಲ ವರ್ಷ ಬಂದ ಹುಡುಗಿ. ಭಾಷೆ ಬಾರದೆ ದಿನವಿಡೀ ಕಾಲುಗಳನ್ನೇ ನೋಡಿ, ಯಾರಿಗೆ ಚಪ್ಪಲಿ ಎಲ್ಲಿ ಕಚ್ಚುತ್ತದೆಂದು ಕಂಡುಕೊಂಡು, ಯಜಮಾನರಿಗಿಂತ ಹೆಚ್ಚು ಮಾರಿದವಳು. ಸ್ಟೂಲಿನಿಂದೆದ್ದು ನಿಂತು, "ನಮ್ಮ ಮೇಷ್ಟ್ರು" ಎನ್ನುತ್ತಾರೆ.