ಪಟದ ಮುಂದಿನ ಕೆಂಪು ಬಲ್ಬು

ಅಮ್ಮ ತೀರಿಕೊಂಡ ವರ್ಷವೇ ನಮ್ಮ ಕಾರಿನ ಫ್ಯೂಸು ಮೇಲಿಂದ ಮೇಲೆ ಹೋಗತೊಡಗಿತು. ನನಗೋ ಹೆದರಿಕೆ ಹುಟ್ಟಿನಿಂದ ಬಂದದ್ದು. ಗ್ಯಾಸ್ ಒಲೆ ಆರಿಸಿದೆನಾ ಎಂದು ಬೀದಿಯ ಕೊನೆಯಿಂದ ವಾಪಸು ಬಂದು ನೋಡುವವಳು ನಾನು. ಅಂಥವಳ ಮಗಳು ದಿನಾ ಸಂಜೆ ಆ ಕಾರಿನಲ್ಲಿ ಹೋಗುತ್ತಿದ್ದಳು.

ಗಂಡನಿಗೆ ಪರಊರಿಗೆ ವರ್ಗವಾಗಿ, ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ಬಸವನಗುಡಿಯ ಅಪ್ಪನ ಮನೆಯಲ್ಲಿದ್ದೆ. ಅಪ್ಪ ರಿಟೈರಾದ ಸ್ಕೂಲ್ ಮೇಷ್ಟ್ರು. ಮೊಮ್ಮಗಳನ್ನು ಮುಂದಿನ ಸೀಟಿಗೂ ಡ್ಯಾಶ್‌ಬೋರ್ಡಿಗೂ ನಡುವೆ ನಿಲ್ಲಿಸಿಕೊಂಡು ಗಾಂಧಿ ಬಜಾರಿಗೆ ಒಂದು ಸುತ್ತು ಹೋಗಿಬಂದರೇನೇ ಅವರಿಗೆ ರಾತ್ರಿ ಊಟ ಸೇರುತ್ತಿದ್ದದ್ದು. ಆಗೆಲ್ಲ ಬೆಲ್ಟೂ ಇಲ್ಲ ಗಿಲ್ಟೂ ಇಲ್ಲ. ಮುಂದಿನ ಎಡಗಡೆ ಬಾಗಿಲಿನ ಒಳಗಿನ ಹಿಡಿ ಮುರಿದು ಎಷ್ಟೋ ತಿಂಗಳಾಗಿತ್ತು, ಹೊರಗಿನಿಂದಲೇ ತೆಗೆಯಬೇಕು. ಹಾಕಿಸೋಣ, ಹಾಕಿಸೋಣ ಎನ್ನುತ್ತಲೇ ಇದ್ದರು.

ಆ ಕಾರಿಗೆ ಇದ್ದದ್ದೇ ಎರಡು ಫ್ಯೂಸು. ವೈಪರ್, ಬ್ರೇಕ್ ಲೈಟು, ಇಂಡಿಕೇಟರು, ಪೆಟ್ರೋಲ್ ಮುಳ್ಳು ಎಲ್ಲವೂ ಅದರಲ್ಲಿ ಒಂದರ ಮೇಲೆ. ಜೊತೆಗೆ ಡ್ಯಾಶ್‌ಬೋರ್ಡಿನ ಮೇಲಿದ್ದ ದೇವರ ಪಟದ ಮುಂದಿನ ಕೆಂಪು ಬಲ್ಬು. ಅದು ಅಮ್ಮನ ಆಸೆ, ಕಾರು ಕೊಂಡಾಗ ಎದುರು ನಿಂತು ಹಾಕಿಸಿದ್ದಳು. ಕೀ ತಿರುಗಿಸಿದರೆ ಅದು ಹತ್ತಬೇಕು, ಅಪ್ಪ ಕೈಮುಗಿಯಬೇಕು, ಆಮೇಲೆ ಕಾರು ಹೊರಡಬೇಕು. ಫ್ಯೂಸು ಹೋಗಿದೆ ಎಂದು ಮೊದಲು ತಿಳಿಯುತ್ತಿದ್ದದ್ದೂ ಅದರಿಂದಲೇ. ದೀಪ ಆರಿತು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ‘ಶಾಂತವಾಯ್ತು’ ಎನ್ನುವಾಗ ಅಪ್ಪನ ಮುಖ ಬಿಳಿಚಿಕೊಳ್ಳುತ್ತಿತ್ತು. ಅಮ್ಮನಿಗೆ ಕಾಯಿಲೆ ಉಲ್ಬಣಿಸಿದ ವಾರವೂ ಅದು ಹತ್ತಿರಲಿಲ್ಲವಂತೆ. ಇನ್ನು ಯಾರ ಸರದಿಯೋ ಎಂಬ ಭಯ ಅವರದು.

ಚಾಮರಾಜಪೇಟೆಯಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ವಯಸ್ಸಾದ ಸಾಹೇಬರೊಬ್ಬರಿದ್ದರು. ಅವರ ಹತ್ತಿರ ಹೋದೆವು. ಕರೆಂಟು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಫ್ಯೂಸಿನ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ, ಒಂದೊಂದೇ ವೈರು ಬಿಚ್ಚಿ, ಎಳೆದು, ಅಲ್ಲಾಡಿಸಿ ನೋಡಿದರು. ವೈಪರಿನದು ಸರಿ, ಬ್ರೇಕ್ ಲೈಟಿನದು ಸರಿ, ಇಂಡಿಕೇಟರಿನದೂ ಸರಿ. ಅರ್ಧ ದಿನ ಕಳೆಯಿತು. ಕೊನೆಗೆ ಪಟದ ಹಿಂದಕ್ಕೆ ಹೋಗುವ ವೈರಿನ ಹತ್ತಿರ ಅವರ ಕೈ ನಿಂತುಬಿಟ್ಟಿತು.

“ಇದೊಂದು ಉಳಿದಿದೆ ಮೇಷ್ಟ್ರೇ. ಬಿಚ್ಚಲಾ?”

ಅದು ಬೇಡ, ಅಷ್ಟು ಸಣ್ಣ ಬಲ್ಬು ಏನು ಮಾಡೀತು ಎಂದರು ಅಪ್ಪ. ಸಾಹೇಬರು ನನ್ನ ಮುಖ ನೋಡಿದರು. ಮಾತುಮಾತಿಗೆ ಅಪ್ಪನ ಜೊತೆ ಜಗಳಕ್ಕೆ ನಿಲ್ಲುವ ನಾನು ಅಲ್ಲಿ ಮಾತ್ರ ಅವರ ಮಾತಿಗೆ ಕೋಲೆಬಸವನ ಹಾಗೆ ತಲೆಯಾಡಿಸಿದೆ. ಅಮ್ಮ ಹಾಕಿಸಿದ್ದನ್ನು ಬಿಚ್ಚಿಸಿ, ನಾಳೆ ಮಗುವಿಗೆ ಏನಾದರೂ ಆದರೆ? ಓದಿದವಳು, ಕಾಲೇಜಿನಲ್ಲಿ ಪಾಠ ಹೇಳುವವಳು, ಇಂಥದ್ದನ್ನು ಯೋಚಿಸಿದೆ. ಬೇರೆಯವರ ದೇವರ ಕೆಲಸಕ್ಕೆ ತಾನೇಕೆ ಕೈಹಾಕಲಿ ಎಂದುಕೊಂಡರೇನೋ, ಸಾಹೇಬರೂ ಒತ್ತಾಯ ಮಾಡಲಿಲ್ಲ. ಹೊಸ ಫ್ಯೂಸು ಹಾಕಿ ಒಂದು ಮಾತು ಹೇಳಿ ಕಳಿಸಿದರು.

“ಹೋದ್ರೆ ಹೋಗ್ಲಿ, ಇನ್ನೊಂದು ಹಾಕ್ಕೊಳ್ಳಿ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಮಾತ್ರ ಸುತ್ತಬೇಡಿ. ಫ್ಯೂಸ್ ಉಳಿಯತ್ತೆ, ವೈರ್ ಉರಿಯತ್ತೆ.”

ಸುತ್ತಬೇಡಿ ಎಂದು ಅವರು ಹೇಳಿದ್ದೇ ತಪ್ಪಾಯಿತು. ವಾರದೊಳಗೆ ಮತ್ತೆರಡು ಫ್ಯೂಸು ಹೋದವು. ಆಮೇಲೆ ಒಂದು ದಿನ, ಜನ್ಮದಲ್ಲಿ ಬೀಡಿ ಮುಟ್ಟದ ಅಪ್ಪ ಬೀಡಾ ಅಂಗಡಿಯವನನ್ನು ಕೇಳಿ ಖಾಲಿ ಸಿಗರೇಟು ಪ್ಯಾಕು ತಂದರು. ಬಾನೆಟ್ ಎತ್ತಿಕೊಂಡು ಬೆಳ್ಳಿ ಕಾಗದ ಸುತ್ತುತ್ತಿದ್ದಾಗಲೇ ನೋಡಿದೆ. ಕೂಗಾಡಿದೆ. ಇನ್ನು ದೀಪ ಶಾಂತವಾಗಲ್ಲ, ಸುಮ್ಮನಿರು ಎಂದರು. ಆ ಕ್ಷಣವೇ ಮಗಳನ್ನು ಮನೆಯಲ್ಲಿ ಕೂರಿಸಿಕೊಳ್ಳಬೇಕಿತ್ತು. ಅಪ್ಪನಿಗೆ ಉಳಿದಿರುವ ಸಂತೋಷ ಅದೊಂದೇ ಎಂದು ಸುಮ್ಮನಾದೆ. ಅದರ ಬದಲು ದಿನಾ ನಾನೂ ಹಿಂದಿನ ಸೀಟಿನಲ್ಲಿ ಹೋಗಿ ಕೂರತೊಡಗಿದೆ. ದಾರಿಯುದ್ದಕ್ಕೂ ಮೂಗು ಅರಳಿಸಿ ಮೂಸುತ್ತಿದ್ದೆ. ಹೂವಿನ ಅಂಗಡಿಯ ಧೂಪಕ್ಕೂ ಮುಂದಕ್ಕೆ ಬಗ್ಗಿ ನೋಡುತ್ತಿದ್ದೆ.

ನಾಲ್ಕನೆಯ ಸಂಜೆ ಗಾಂಧಿ ಬಜಾರಿನಲ್ಲಿ ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು. ರಬ್ಬರು ಸುಟ್ಟ ವಾಸನೆ ಬಂತು. ಈ ಸಲ ಅದು ನನ್ನ ಭ್ರಮೆಯಲ್ಲ. ಪಟದ ಕೆಳಗಿನಿಂದ ಹೊಗೆ ಏಳುತ್ತಿತ್ತು, ಮಗಳು ಅದರ ಎದುರಿಗೇ ನಿಂತಿದ್ದಳು. “ಅಪ್ಪ, ಕೀ ಆಫ್ ಮಾಡು, ಮಗೂನ ಎತ್ಕೋ” ಎಂದು ಕಿರುಚಿದೆ. ಅಪ್ಪ ಬ್ರೇಕ್ ಒತ್ತಿದರು. ಸ್ಟಿಯರಿಂಗ್ ಬಿಟ್ಟ ಅವರ ಎರಡೂ ಕೈ ಹೋದದ್ದು ಪಟಕ್ಕೆ. ಮಗಳು ಆ ಕೈಗಳಿಗೆ ಒಂದು ಗೇಣು ದೂರದಲ್ಲಿ ಕೆಮ್ಮುತ್ತಿದ್ದಳು.

ಹೇಗೆ ಇಳಿದೆನೋ ಗೊತ್ತಿಲ್ಲ. ಹೊರಗಿನಿಂದ ಬಾಗಿಲು ತೆಗೆದು ಅವಳನ್ನು ರಟ್ಟೆ ಹಿಡಿದು ಎಳೆದೆ. ಮತ್ತೆ ಒಳಕ್ಕೆ ಬಗ್ಗಿ ಕೀ ತಿರುಗಿಸಿದವಳೂ ನಾನೇ. ಹೊಗೆ ನಿಧಾನವಾಗಿ ತಿಳಿಯಾಯಿತು. ಪಟವಿದ್ದ ಜಾಗದಲ್ಲಿ ವೈರು ತಗಡಿನ ತೂತಿನೊಳಕ್ಕೆ ಹೋಗುವ ಕಡೆ ತಂತಿ ಬೆತ್ತಲೆಯಾಗಿತ್ತು. ಒಂದೊಂದು ಕುಲುಕಿಗೂ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸವೆದಿತ್ತು. ಕರಗಿದ ಹೊದಿಕೆಯ ಒಂದು ಹನಿ ಮಗಳ ಪಾದದ ಮೇಲೆ ಬಿದ್ದಿತ್ತು. ಅವಳು ಅಳುತ್ತಲೂ ಇರಲಿಲ್ಲ, ನನ್ನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದಿದ್ದಳು.

ಅಪ್ಪ ಇಳಿದು ಬಂದು ಮಗುವಿನ ತಲೆ ಮುಟ್ಟಲು ಕೈ ಚಾಚಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬೇಕೆಂದು ಸರಿದದ್ದಲ್ಲ. ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ವೈರ್ ಕೀಳೋಕೆ ಹೋದೆ ಕಣಮ್ಮ” ಎಂದರು.

ಹೌದಪ್ಪ ಎಂದೆ. ಪಟ ಆಗಲೂ ಅವರ ಇನ್ನೊಂದು ಕೈಯಲ್ಲಿ, ಎದೆಗೆ ಒತ್ತಿಕೊಂಡು ಇತ್ತು.