ಒಂದೂವರೆಗೆ ಹಾಯುವ ಉಪಗ್ರಹ

ಗೆಳೆಯರೇ, ಉಪಗ್ರಹದ ಚಿತ್ರ ನೋಡಿ ಹೊಗೆ ಎಲ್ಲಿ ಎದ್ದಿದೆ ಎಂದು ಹುಡುಕುವುದು ನನ್ನ ಕೆಲಸ. ನಿನ್ನೆಯ ಚಿತ್ರದಲ್ಲಿ ಹಲಬರ್ಗಾದ ಕುರುಚಲು ಕಾಡಿನ ಅಂಚಿಗೆ ಬೆಂಕಿಯ ಗುರುತಾದ ಕೆಂಪು ಚುಕ್ಕೆಯಿತ್ತು. ಇಂದು ಬೆಳಿಗ್ಗೆ ಹೋದೆ. ಕಬ್ಬು ಕಡಿದ ಹೊಲದಲ್ಲಿ ರವದಿ, ಅಂದರೆ ಕಬ್ಬಿನ ಒಣ ಗರಿ, ಅರ್ಧ ಸುಟ್ಟಿತ್ತು, ಅರ್ಧ ಉಳಿದಿತ್ತು.

“ಬೆಂಕಿ ಕಾಡಿಗಿ ಹತ್ತಿದ್ರ ಕುರಿ ಏನ್ ಮೇಯಬೇಕ್ರಿ?” ಎಂದು ಹೊಲದ ರೈತರನ್ನು ಕೇಳಿದೆ.

“ನಾ ಸುಟ್ಟಿಲ್ರಿ ಸಾಹೇಬ್ರ. ಯಾರ್ ನೋಡ್ಯಾರ?” ಎಂದರು ಅವರು.

“ಸ್ಯಾಟಲೈಟ್ ನೋಡ್ಯಾದ್ರಿ. ದಿನಾ ಮಧ್ಯಾಹ್ನ ಒಂದೂವರಿಗಿ ಇಲ್ಲೇ ಮ್ಯಾಲ ಹಾಯ್ತದ.”

“ಆಮ್ಯಾಲ ಬರೂದಿಲ್ಲೇನ್ರಿ?”

“ಸಂಜಿತನಕಂತೂ ಇಲ್ರಿ,” ಎಂದೆ, ಜಂಬದಿಂದ.

ಅವರು ಕೈಗಡಿಯಾರ ನೋಡಿಕೊಂಡು ಚಹಾ ಕುಡಿಸಿದರು.

ಭಾಲ್ಕಿಯಲ್ಲಿ ಕೆಲಸ ಮುಗಿಸಿ ಸಂಜೆ ಬೀದರಿಗೆ ಮರಳುವಾಗ ಅದೇ ಹೊಲದ ಮೇಲೆ ಆಕಾಶದ ತುಂಬ ಹೊಗೆ. ಇಂದಿನ ಚಿತ್ರದಲ್ಲಿ ಒಂದು ಚುಕ್ಕೆಯೂ ಇಲ್ಲ. ವರದಿಯಲ್ಲಿ ಬರೆದಿದ್ದೇನೆ: ‘ರೈತರಿಗೆ ಅಗತ್ಯ ತಿಳಿವಳಿಕೆ ನೀಡಲಾಗಿದೆ.’