ಬರ್ನಿಸಳ ಸೀದ ರೊಟ್ಟಿ

ನಮ್ಮ ಪಕ್ಕದ ಮನೆಯ ಬರ್ನಿಸ್ ಪಲ್ಕಾ ಶಾಲೆಯ ಅಡುಗೆಮನೆಯಲ್ಲೇ ಆಯುಸ್ಸು ಕಳೆದವಳು. ಚರ್ಚಿನ ಶುಕ್ರವಾರದ ಮೀನೂಟಕ್ಕೆ ಸುತ್ತಲಿನ ಊರವರು ಬರುತ್ತಿದ್ದುದು ಮೀನಿಗಲ್ಲ, ಅವಳ ಪ್ಲಾಟ್ಸ್ಕಿಗೆ. ಆಲೂಗೆಡ್ಡೆ ತುರಿದು ಹೊಂಬಣ್ಣ ಬರುವಂತೆ ಹುರಿದ ರೊಟ್ಟಿ, ಮೇಲೊಂದು ಚಮಚ ಹುಳಿ ಕೆನೆ. ಹೊಗಳಿದರೆ ಅದರಲ್ಲೇನಿದೆ ಎನ್ನುವಳು, ಹೊಗಳದಿದ್ದರೆ ವಾರಗಟ್ಟಲೆ ಮಾತು ಬಿಡುವಳು. ಇಂಥವಳು ಒಂದು ಬೇಸಿಗೆಯಿಡೀ ಬೇಕೆಂದೇ ರೊಟ್ಟಿ ಸೀಯಿಸಿದಳು.

ಕಾರಣ ವೆಸ್ ಟಿಲ್‌ಮನ್. ನಮ್ಮೂರಿನ ಬೇಸ್‌ಬಾಲ್ ತಂಡ ಕೆಳಗಿನ ಹಂತದ್ದು. ಆಟಗಾರರಿಗೆ ಸಿಗುವ ಸಂಬಳದಲ್ಲಿ ಬಾಡಿಗೆ ಮನೆ ಹಿಡಿಯಲು ಆಗುತ್ತಿರಲಿಲ್ಲ, ಹಾಗಾಗಿ ಊರವರೇ ಒಬ್ಬೊಬ್ಬರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಬರ್ನಿಸಳ ಪಾಲಿಗೆ ಬಂದ ವೆಸ್ ಒಕ್ಲಹೋಮಾ ಕಡೆಯ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವನು. ವಯಸ್ಸು ಇಪ್ಪತ್ತೇಳು, ಈ ಹಂತದ ತಂಡದಲ್ಲಿ ಅವನೇ ಅಜ್ಜ. ಮನೆಯಲ್ಲಿ ಹೆಂಡತಿ, ಎಳೆಗೂಸು. ಆಗಸ್ಟ್ ಮುಗಿಯುವುದರೊಳಗೆ ಮೇಲಿನ ತಂಡದಿಂದ ಕರೆ ಬರದಿದ್ದರೆ ಚೆಂಡು ಬಿಟ್ಟು ಮಾವನ ಟೈರ್ ಅಂಗಡಿ ಸೇರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದ. ಇದನ್ನು ಬರ್ನಿಸಳಿಗೊಬ್ಬಳಿಗೆ ಹೇಳಿದ. ಮರುದಿನ ಬೀದಿಗೆಲ್ಲ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಅವನು ಚೆಂಡೆಸೆಯುವ ಮೊದಲ ಸರದಿಯ ದಿನ ನನ್ನ ನಾಯಿ ಬರ್ನಿಸಳ ಟುಲಿಪ್ ಪಾತಿ ಅಗೆದುಬಿಟ್ಟಿತು. ಅವಳು ಬೇಲಿಗೆ ಬಂದು ನಾಯಿಯಿಂದ ಶುರುಮಾಡಿ ನಮ್ಮಪ್ಪನವರೆಗೆ ಬೈದಳು. ಅಷ್ಟರಲ್ಲಿ ಒಲೆಯ ಮೇಲಿನ ರೊಟ್ಟಿ ಸೀದು ಕರಕಲಾಯಿತು. ಹೊತ್ತಾಗಿದ್ದರಿಂದ ವೆಸ್ ನಿಂತುಕೊಂಡೇ ಅದನ್ನು ತಿಂದು ಓಡಿದ. ಆ ಸಂಜೆ ಎದುರು ತಂಡದವರು ಬರೀ ಗಾಳಿಗೆ ಬ್ಯಾಟು ಬೀಸಿದರು. ಮೈದಾನದ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಮುಗಿಸಿ ನಾನು ಬರ್ನಿಸಳ ಪಕ್ಕ ಕೂತಿದ್ದೆ. ಜಗಳ ಮರೆತು ಇಬ್ಬರೂ ಗಂಟಲು ಹರಿದುಕೊಂಡೆವು.

ಮುಂದಿನ ಸರದಿಯ ದಿನ ವೆಸ್ ಅಡುಗೆಮನೆಗೆ ಬಂದು, "ಮಿಸೆಸ್ ಪಿ, ಇವತ್ತೂ ಅದೇ ರೊಟ್ಟಿ ಮಾಡ್ತೀರಾ?" ಎಂದು ಕೇಳಿದನಂತೆ.

"ಮಾಡ್ತೀನಿ ಕಣೋ. ಅವತ್ತಿಂದು ಸೀದು ಹೋಗಿತ್ತು, ಇವತ್ತು ಚೆನ್ನಾಗಿ ಮಾಡ್ಕೊಡ್ತೀನಿ."

"ಅಯ್ಯೋ, ಚೆನ್ನಾಗಿ ಮಾಡ್ಬೇಡಿ! ಅವತ್ತು ಹೇಗೆ ಸೀದಿತ್ತೋ ಹಾಗೇ ಇರ್ಲಿ."

ಬೇರೆಯವರಾದರೆ ನಕ್ಕಾರು. ನಮ್ಮಲ್ಲಿ ಯಾರೂ ನಗಲಿಲ್ಲ. ತಂಡದಲ್ಲಿ ಎಸೆತ ಹಿಡಿಯುವ ಕ್ಯಾಚರ್ ಗೆದ್ದ ದಿನದ ಕಾಲುಚೀಲವನ್ನು ಸೋಲುವವರೆಗೆ ಒಗೆಯುತ್ತಿರಲಿಲ್ಲ, ಅವನ ಪಕ್ಕ ಕೂರುವವರ ಪಾಡು ದೇವರಿಗೇ ಪ್ರೀತಿ. ಗೆಲುವು ಬಂದ ದಿನ ಏನಿತ್ತೋ ಅದನ್ನು ಮುಟ್ಟಬಾರದು, ಅಷ್ಟೇ. ಬರ್ನಿಸ್ ಕಿಟಕಿಗಳನ್ನು ಮುಚ್ಚಿ, ಕಳ್ಳತನ ಮಾಡುವವಳ ಹಾಗೆ ರೊಟ್ಟಿ ಸೀಯಿಸತೊಡಗಿದಳು. ಹೊಗೆ ಮಾತ್ರ ನಮ್ಮ ಮನೆಗೆ ಬರುತ್ತಿತ್ತು.

"ಏನು ಬರ್ನಿಸ್, ಬೆಂಕಿ ಆರಿಸೋರನ್ನ ಕರೀಲಾ?" ಎಂದು ನಾನು ಬೇಲಿಯಿಂದ ಕೂಗುವೆ.

"ಬಾಯಿ ಮುಚ್ಕೊಂಡು ನಿನ್ನ ನಾಯಿ ಕಟ್ಟಿಹಾಕು ವಾಲ್ಟ್!"

ಮೇ, ಜೂನ್ ಎರಡೂ ತಿಂಗಳು ವೆಸ್ ಹುಲಿಯಂತೆ ಆಡಿದ. ತಂಡ ಹೊರ ಊರಿಗೆ ಹೋದಾಗ ಬರ್ನಿಸ್ ಡಬ್ಬಿಯಲ್ಲಿ ಸೀದ ರೊಟ್ಟಿ ಕಟ್ಟಿಕೊಟ್ಟು, ಇಲ್ಲಿ ರೇಡಿಯೊಕ್ಕೆ ಕಿವಿ ಹಚ್ಚಿ ಕೂರುತ್ತಿದ್ದಳು. ಅವನ ಎಸೆತಕ್ಕೆ ಯಾರಾದರೂ ಜೋರಾಗಿ ಹೊಡೆದರೆ ರೇಡಿಯೊಕ್ಕೇ ಬೈಗುಳ.

ಜುಲೈನಲ್ಲಿ ಎಡವಟ್ಟಾಯಿತು. ಅವನ ಸರದಿಯ ದಿನವೇ ಚರ್ಚಿನ ಹಬ್ಬದ ಸಮಿತಿಯ ಹೆಂಗಸರು ಬರ್ನಿಸಳ ಅಡುಗೆಮನೆಯಲ್ಲಿ ಬಂದು ಕೂತರು. ಅವರಲ್ಲಿ ಲೊರೇನ್ ಮಜುರ್ ಕೂಡ ಇದ್ದಳು. ತನ್ನ ರೊಟ್ಟಿಯೇ ಮೇಲೆಂದು ವರ್ಷಗಳಿಂದ ಸಾರಿಕೊಂಡು ಬಂದವಳು. ಅವಳ ಮೂಗಿನಡಿ ರೊಟ್ಟಿ ಸೀಯಿಸುವುದೆಂದರೆ ಬರ್ನಿಸಳಿಗೆ ಬೀದಿಯಲ್ಲಿ ಬಟ್ಟೆ ಬಿಚ್ಚಿದಂತೆ. ಕೈ ತಾನಾಗಿ ಬೆಂಕಿ ಸಣ್ಣ ಮಾಡಿತು. ಹೊಂಬಣ್ಣದ ರೊಟ್ಟಿ ತಟ್ಟೆಗೆ ಬಿತ್ತು. ವೆಸ್ ಒಂದು ಗಳಿಗೆ ತಟ್ಟೆ ನೋಡಿ, ಮಾತಾಡದೆ ತಿಂದು ಹೋದ.

ಆ ಸಂಜೆ ಅವನೆಸೆದ ಚೆಂಡುಗಳು ಹೊಡೆತ ತಿಂದು ಒಂದರ ಹಿಂದೊಂದು ಮೈದಾನದ ಬೇಲಿ ದಾಟಿ ಪಾರ್ಕಿಂಗ್ ಜಾಗಕ್ಕೆ ಬಿದ್ದವು. ಒಂಬತ್ತು ಇನಿಂಗ್ಸಿನ ಆಟದಲ್ಲಿ ಮೂರನೇ ಇನಿಂಗ್ಸ್‌ನಲ್ಲೇ ಅವನನ್ನು ಹೊರಗೆ ಕರೆದರು. ಮುಂದಿನ ಎರಡು ಸರದಿಗಳಲ್ಲಿ ರೊಟ್ಟಿ ಇದ್ದಿಲಾಗುವಷ್ಟು ಸೀದರೂ ಅದೇ ಕಥೆ.

ಬರ್ನಿಸ್ ಬೇಲಿಗೆ ಬಂದು ನಡೆದದ್ದನ್ನೆಲ್ಲ ಹೇಳಿ, "ನಾನೇ ಹಾಳ್ಮಾಡ್ದೆ ವಾಲ್ಟ್. ಆ ಲೊರೇನ್ ಮುಂದೆ ಜಂಬ ತೋರ್ಸೋಕೆ ಹೋಗಿ ಆ ಹುಡುಗನ ಅನ್ನಕ್ಕೆ ಕಲ್ಲು ಹಾಕ್ದೆ" ಎಂದಳು.

ನಗೋಣವೆಂದು ಬಾಯಿ ತೆರೆದೆ. ಅವಳ ಕಣ್ಣಲ್ಲಿ ನೀರಿತ್ತು. ಅವಳನ್ನು ಅಷ್ಟು ಸೋತ ಮುಖದಲ್ಲಿ ನಾನು ಎಂದೂ ನೋಡಿರಲಿಲ್ಲ.

"ಅವನಿಗೇ ಹೇಳ್ಬಿಡು."

"ಯಾವ ಮುಖ ಇಟ್ಕೊಂಡು ಹೇಳ್ಲಿ?"

ಆಗಸ್ಟ್‌ನ ಕೊನೆಯ ಸರದಿ ಬಂತು. ಮೇಲಿನ ತಂಡದವನೊಬ್ಬ ಎಸೆತದ ವೇಗ ಅಳೆಯುವ ಯಂತ್ರ ಹಿಡಿದು ಬರುತ್ತಾನೆಂದು ಊರೆಲ್ಲ ಸುದ್ದಿ. ಅಂದು ಮಧ್ಯಾಹ್ನವೇ ಸಮಿತಿಯ ಹೆಂಗಸರು ಮತ್ತೆ ವಕ್ಕರಿಸಿದರು. ನಾನೂ ಕಾಫಿಯ ನೆಪದಲ್ಲಿ ಅಲ್ಲಿದ್ದೆ. ಬರ್ನಿಸ್ ಎಲ್ಲರ ಎದುರಿಗೇ ಬೆಂಕಿ ದೊಡ್ಡದು ಮಾಡಿದಳು.

"ಬರ್ನಿಸ್, ಸೀಯ್ತಾ ಇದೆ!" ಎಂದು ಲೊರೇನ್ ಎದ್ದು ನಿಂತಳು.

"ಗೊತ್ತು."

"ಅಯ್ಯೋ, ತಿರುವಿ ಹಾಕೇ!"

"ಇನ್ನೂ ಸೀಯ್ಬೇಕು. ನೀನು ಕೂತ್ಕೋ."

ಮನೆ ತುಂಬ ಹೊಗೆ. ಹೊಗೆ ಎದ್ದರೆ ಎಚ್ಚರಿಸುವ ಚಾವಣಿಯ ಗಂಟೆ ಕಿರುಚತೊಡಗಿತು. ಲೊರೇನ್ ಮುಖದಲ್ಲಿ ಹಬ್ಬದ ಕಳೆ. ಬರ್ನಿಸ್ ಕೆಂಪಾದ ಕಣ್ಣು ಒರೆಸಿಕೊಂಡು, ಕರಿ ರೊಟ್ಟಿಯನ್ನು ವೆಸ್‌ನ ಮುಂದಿಟ್ಟಳು. ಆಗ ಅವಳ ಮೇಲೆ ನನಗೆ ಉಕ್ಕಿಬಂದ ಅಭಿಮಾನವನ್ನು ಹೇಗೆ ಹೇಳಲಿ! ಹೇಳಿದ್ದರೆ ಸೌಟಿನಲ್ಲಿ ಹೊಡೆಯುತ್ತಿದ್ದಳು.

ಆ ಸಂಜೆ ವೆಸ್ ತನ್ನ ಬದುಕಿನ ಆಟ ಆಡಿದ. ಕೊನೆಯ ಬ್ಯಾಟುಗಾರ ಔಟಾದಾಗ ಇಡೀ ಮೈದಾನ ಎದ್ದು ನಿಂತಿತ್ತು. ಎರಡು ದಿನ ಬಿಟ್ಟು ಮೇಲಿನ ತಂಡದಿಂದ ಕರೆ ಬಂತು, ಆದರೆ ನಮ್ಮ ತಂಡದ ಇನ್ನೊಬ್ಬ ಪಿಚರ್‌ಗೆ. ಅವನ ಎಸೆತಕ್ಕೆ ವೇಗ ಹೆಚ್ಚು, ಅವನಿಗೆ ವಯಸ್ಸು ಕಡಿಮೆ. ಆ ಯಂತ್ರವನ್ನೂ ಅದನ್ನು ಹಿಡಿದವನನ್ನೂ ನಾನು ಇವತ್ತಿಗೂ ಕ್ಷಮಿಸಿಲ್ಲ.

ವೆಸ್ ಹೊರಡುವ ಬೆಳಿಗ್ಗೆ ಅವನ ಚೀಲಗಳನ್ನು ಕಾರಿಗೆ ಹಾಕಲು ಹೋಗಿದ್ದೆ. ಬರ್ನಿಸ್ ಹೊಂಬಣ್ಣದ ರೊಟ್ಟಿಗಳನ್ನು ಹುರಿದು ಅವನ ಮುಂದೆ ಒಟ್ಟಿದ್ದಳು. ಅವನು ತಿನ್ನುತ್ತಿದ್ದಾಗ ತಡೆಯಲಾರದೆ ಜುಲೈನ ವಿಷಯ ಬಾಯಿಬಿಟ್ಟಳು.

"ಬಣ್ಣ ನೋಡಿದ್ರೆ ಗೊತ್ತಾಗಲ್ವ ಮಿಸೆಸ್ ಪಿ? ಅವತ್ತೇ ಗೊತ್ತಾಯ್ತು."

"ಮತ್ಯಾಕೋ ತಿಂದೆ?"

"ಅವರೆಲ್ಲರ ಮುಂದೆ ನಿಮ್ಮ ಮರ್ಯಾದೆ ತೆಗೀಲಾ? ಅದೂ ಅಲ್ದೆ, ಅಷ್ಟು ರುಚಿಯಾದ್ದು ನಾನು ತಿಂದೇ ಇರ್ಲಿಲ್ಲ. ಅವತ್ತು ಕೈ ಕೊಟ್ಟಿದ್ದು ನನ್ನ ಭುಜ, ಇಡೀ ತಿಂಗಳು ನೋಯ್ತಿತ್ತು. ರೊಟ್ಟಿ ಏನು ಮಾಡುತ್ತೆ?"

ಬರ್ನಿಸ್ ಕುರ್ಚಿ ಎಳೆದುಕೊಂಡು ಕೂತಳು. ವೆಸ್ ತಟ್ಟೆ ಖಾಲಿ ಮಾಡಿ, ಕೈ ಒರೆಸಿಕೊಂಡು, ನೆಲ ನೋಡುತ್ತ ಹೇಳಿದ:

"ಒಂದೇ ಒಂದು ಸೀಯಿಸಿ ಕೊಡ್ತೀರಾ, ದಾರಿಗೆ? ಸೋಮವಾರ ಟೈರ್ ಅಂಗಡೀಲಿ ಮೊದಲ ದಿನ."

"ರೊಟ್ಟಿ ಏನು ಮಾಡುತ್ತೆ ಅಂದ್ಯಲ್ಲೋ ಈಗ?"

"ಆದ್ರೂ ಒಂದು ಇರ್ಲಿ."

ಬರ್ನಿಸ್ ಎದ್ದು ಒಲೆಯ ಕಡೆ ತಿರುಗಿದಳು. ಕಿಟಕಿಗಳೆಲ್ಲ ತೆರೆದೇ ಇದ್ದವು. ಕಾವಲಿಯಿಂದ ಹೊಗೆ ಎದ್ದಿತು, ಅವಳು ತಿರುವಿ ಹಾಕಲಿಲ್ಲ.